ತಮ್ಮನ ಎಡೆಯ ಕಾಫಿ

ಆ ಮಷೀನು ನಮ್ಮ ಮನೆಗೆ ಬಂದ ದಿನ ಅಡುಗೆಮನೆಯ ಕಟ್ಟೆಯ ಮೇಲಿದ್ದ ಮಿಕ್ಸಿಗೆ ಜಾಗ ಇಲ್ಲದಂತಾಯಿತು. ಮಿಕ್ಸಿ ಗೋಡೆಯ ಗೂಡಿಗೆ ಹೋಯಿತು, ಗೂಡಿನಲ್ಲಿದ್ದ ಉಪ್ಪಿನಕಾಯಿ ಜಾಡಿಗಳು ನೆಲಕ್ಕೆ ಬಂದವು, ನೆಲದ ಮೇಲಿದ್ದ ನೀರಿನ ಕೊಡ ಬಾಗಿಲ ಹಿಂದಕ್ಕೆ ಸರಿಯಿತು. ಆಮೇಲೆ ಎಷ್ಟೋ ಸಲ ಆ ಕೊಡವನ್ನು ಎಡವಿದ್ದೇನೆ. ಎಡವಿದಾಗಲೆಲ್ಲ ತಮ್ಮನನ್ನು ಬೈದಿದ್ದೇನೆ. ಅವನು ತೀರಿಕೊಂಡ ಮೇಲೂ ಬೈದಿದ್ದೇನೆ.

ಅದು ಇಟಲಿಯ ಮಷೀನು. ಹೊರಮೈ ಹೊಳೆಯುವ ಸ್ಟೀಲು, ಒಳಗೆಲ್ಲ ತಾಮ್ರ, ಹಿತ್ತಾಳೆ. ಇಬ್ಬರು ಎತ್ತಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಮುಂದುಗಡೆ ಗಟ್ಟಿ ಹಿತ್ತಾಳೆಯ ಒಂದು ಮೂತಿ. ಮರದ ಹಿಡಿಯಿರುವ ಸೌಟಿನಂಥ ಬಟ್ಟಲಿಗೆ ಕಾಫಿಪುಡಿ ತುಂಬಿ, ಒತ್ತಿ, ಆ ಮೂತಿಗೆ ತಿರುಗಿಸಿ ಸಿಕ್ಕಿಸಬೇಕು. ಪಕ್ಕದಲ್ಲಿ ಒಂದು ಸಣ್ಣ ಲಿವರ್. ಅದನ್ನು ಮೇಲಕ್ಕೆತ್ತಿದರೆ ಒಳಗಿನ ಪಂಪು ಗುರ್ ಎಂದು ಶುರುವಾಗಿ ಬಿಸಿನೀರನ್ನು ಪುಡಿಯೊಳಗೆ ನೂಕುತ್ತದೆ. ಇಳಿಸಿದರೆ ನಿಲ್ಲುತ್ತದೆ. ಎತ್ತಿ ಇಳಿಸುವುದರೊಳಗೆ ಬರುವುದು ಎರಡು ಗುಟುಕು ಕಾಫಿ. ಆ ಎರಡು ಗುಟುಕಿಗೆ ಮಷೀನು ಅರ್ಧ ಗಂಟೆ ಕಾಯಬೇಕು, ಬೀಜ ಬೀಸಲು ಇನ್ನೊಂದು ಯಂತ್ರ ಬೇಕು, ನಮ್ಮೂರಿನ ಕರೆಂಟಿನಿಂದ ಎರಡನ್ನೂ ಕಾಪಾಡಲು ಸ್ಟೆಬಿಲೈಸರ್ ಬೇಕು.

ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದ. ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರು ನೋಡಲು ಹೋಗುವವರು ಅವನ ಗಿರಾಕಿಗಳು. ನಮ್ಮ ತವರು ಮಾದಿಹಳ್ಳಿ. ಅಲ್ಲಿ ಅವ್ವ, ದೊಡ್ಡಣ್ಣ ಇದ್ದರು. ತಮ್ಮನಿಗೆ ಮದುವೆಯಾಗಿರಲಿಲ್ಲ. ಸ್ಟೇಷನ್ನಿಗೆ ಹತ್ತಿರ ಅಂತ ಅರಸೀಕೆರೆಯ ನಮ್ಮ ಮನೆಯಲ್ಲೇ ಇದ್ದ. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ.

ಹಳೇಬೀಡಿನಲ್ಲಿ ಇಟಲಿಯ ಒಬ್ಬ ಹೆಂಗಸು ಮನೆ ಬಾಡಿಗೆಗೆ ಹಿಡಿದಿದ್ದರು. ದೇವಸ್ಥಾನದ ಗೋಡೆಯ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಶಿಲ್ಪಗಳ ಚಿತ್ರ ಬರೆಯುತ್ತಿದ್ದರು. ಎರಡು ಚಳಿಗಾಲ ಅವರನ್ನು ಓಡಾಡಿಸಿದವನು ನನ್ನ ತಮ್ಮ. ಊಟ, ಹಾಸಿಗೆ, ಸೊಳ್ಳೆ ಎಲ್ಲಕ್ಕೂ ಅವರು ಹೊಂದಿಕೊಂಡರಂತೆ, ಕಾಫಿಗೆ ಮಾತ್ರ ಇಲ್ಲ. ಮಷೀನನ್ನು ತಮ್ಮ ದೇಶದಿಂದಲೇ ತರಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಇವನಿಗೂ ಒಂದು ಕಪ್ ಕೊಟ್ಟು, ಕೊನೆಗೆ ಮಾಡುವುದನ್ನೂ ಕಲಿಸಿದರು. ಊರಿಗೆ ಹೊರಟಾಗ ಅದನ್ನು ಇವನಿಗೇ ಬಿಟ್ಟು ಹೋದರು.

ಅವತ್ತು ಅವನೂ ಅವನ ಜೊತೆಯ ಡ್ರೈವರೂ ಅದನ್ನು ಹೊತ್ತು ಒಳಗೆ ತಂದದ್ದು ಈಗಲೂ ಕಣ್ಣ ಮುಂದಿದೆ. ಯಜಮಾನರು ಶೇವಿಂಗ್ ಮಾಡಿಕೊಳ್ಳುತ್ತಿದ್ದವರು ಅರ್ಧ ಸೋಪಿನ ಮುಖದಲ್ಲೇ ಎದ್ದು ಬಂದರು.

"ಏನ್ಲಾ ಇದು, ಬಾಯ್ಲರ್ರಾ?"

"ಕಾಫಿ ಮಷೀನು ಭಾವ."

"ಕಾಫಿ ಕಾಸೋಕೆ ಇಂಜಿನ್ ತಂದಿದೀಯಲ್ಲೋ."

"ರೈಲ್ವೆಯೋರ ಮನೆಗೆ ಇನ್ನೇನ್ ತರ್ಲಿ ಹೇಳಿ."

ಅವ್ವ ಒಮ್ಮೆ ಅರಸೀಕೆರೆಗೆ ಬಂದಾಗ ತಮ್ಮ ಅವಳಿಗೂ ಒಂದು ಕಪ್ ಮಾಡಿಕೊಟ್ಟ. ಅವಳು ಕಪ್ಪಿನೊಳಗೆ ಇಣುಕಿ ನೋಡಿ, "ಇದೇನ್ ಮಗಾ, ಕಣ್ಣಿಗೆ ಬಿಡೋ ಔಷ್ದಿನಾ?" ಎಂದಳು. ಒಂದು ಗುಟುಕು ಕುಡಿದು ಮುಖ ಕಿವುಚಿ, ಉಳಿದದ್ದಕ್ಕೆ ಹಾಲೂ ಬೆಲ್ಲವೂ ಹಾಕಿಸಿಕೊಂಡು ದೊಡ್ಡ ಲೋಟದಲ್ಲಿ ಕುಡಿದಳು. ತಮ್ಮನಿಗೆ ಬೇಜಾರಾಯಿತು. ತೋರಿಸಿಕೊಳ್ಳಲಿಲ್ಲ.

ನನಗೂ ಮೊದಮೊದಲು ಅದು ಇಷ್ಟವಾಗಲಿಲ್ಲ. ಆದರೆ ಬೆಳಗಿನ ರೈಲಿಗೆ ಹೋಗುವ ಮುಂಚೆ ಅವನು ನನಗೊಂದು ಮಾಡಿ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಬಿಸಾಡಲು ಮನಸ್ಸು ಬಾರದೆ ಕುಡಿದೆ. ಕುಡಿಯುತ್ತ ಕುಡಿಯುತ್ತ ನಾಲಿಗೆಗೆ ಗೊತ್ತಾಗತೊಡಗಿತು. ಒಳ್ಳೆಯದಾದ ದಿನ ಅದರಲ್ಲಿ ಕಹಿಯ ಹಿಂದೆ ಸುಟ್ಟ ಬೆಲ್ಲದ ರುಚಿ ಇರುತ್ತಿತ್ತು. ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಚೆನ್ನಾಗಿ ಆಗದ ದಿನ ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಟ್ಯಾಕ್ಸಿಯಲ್ಲಿ ಹಾರ್ನ್ ಮೇಲೆ ಕೈಯಿಟ್ಟರೆ ತೆಗೆಯದವನು, ಸ್ಕೂಲಿನಲ್ಲಿ ಒಂದು ಪಾಠಕ್ಕೂ ಕೂರದವನು, ಆ ಮಷೀನಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

"ನನಗೂ ಹೇಳ್ಕೊಡೋ" ಎಂದರೆ, "ನಿಂಗೆ ಬರಲ್ಲ ಬಿಡಕ್ಕ, ಸಾರಿಗೆ ಒಗ್ಗರಣೆ ಹಾಕ್ದಂಗಲ್ಲ ಇದು" ಎನ್ನುತ್ತಿದ್ದ. ಹೇಳಿಕೊಡಲಿಲ್ಲ. ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟಿರುವುದು ಇದೊಂದಕ್ಕೆ.

ಒಂದು ಮಳೆಗಾಲದ ಮೊದಲಲ್ಲಿ ಅವನಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾದಾಗ ಸೊಪ್ಪಿನ ಔಷಧಿ ಕೊಡಿಸಿದೆವು. ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ಉಳಿಯಲಿಲ್ಲ. ಮಾದಿಹಳ್ಳಿಗೆ ತೆಗೆದುಕೊಂಡು ಹೋಗಿ ನಮ್ಮ ತೆಂಗಿನ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಅವನ ಬಟ್ಟೆಗಳನ್ನು ಕೊಟ್ಟೆವು. ಟ್ಯಾಕ್ಸಿಯನ್ನು ಅವನ ಜೊತೆಯ ಡ್ರೈವರು ತೆಗೆದುಕೊಂಡ. ಮಷೀನು ಮಾತ್ರ ಕಟ್ಟೆಯ ಮೇಲೆ ಉಳಿಯಿತು.

ಒಂದು ಬೆಳಿಗ್ಗೆ ನಾನೇ ಅದನ್ನು ಶುರು ಮಾಡಿದೆ. ಅದು ಕಾಯುವಷ್ಟರಲ್ಲಿ ಕರೆಂಟು ಹೋಯಿತು. ಮಾರನೆಯ ದಿನ ಕಾಯಿತು, ಆದರೆ ಕಾಫಿ ಬರಲಿಲ್ಲ. ಅವನು ಬಿಟ್ಟುಹೋದ ಬೀಜ ಮುಗಿದಿದ್ದರಿಂದ ನಾನು ಮನೆಯ ಫಿಲ್ಟರಿನ ಪುಡಿಯನ್ನೇ ಹಾಕಿದ್ದೆ. ಅದರಲ್ಲಿ ಚಿಕೋರಿ ಇತ್ತು. ಬಿಸಿನೀರು ತಾಗಿದ ಕೂಡಲೇ ಅಂಟಿನಂತೆ ಕಚ್ಚಿಕೊಂಡಿತು. ಪಂಪು ಗೊಂಯ್‌ಗುಟ್ಟಿತೇ ಹೊರತು ಒಂದು ಹನಿ ಕೆಳಗೆ ಬೀಳಲಿಲ್ಲ. ಚಿಕೋರಿ ಇಲ್ಲದ್ದು ಕೊಡಿ ಎಂದು ನಮ್ಮ ಬೀದಿಯ ಕಾಫಿಪುಡಿ ಅಂಗಡಿಯಲ್ಲಿ ಕೇಳಿದೆ.

"ಚಿಕೋರಿ ಇಲ್ದೆ ಕಾಫೀನಾ?" ಎಂದರು ಅಂಗಡಿಯವರು. "ನಾಳೆ ಉಪ್ಪಿಲ್ದೆ ಸಾರು ಕೇಳ್ತೀರ ಕಣಮ್ಮ ನೀವು."

ಕೊನೆಗೆ ಬೇಲೂರಿನಿಂದ ಹುರಿದ ಬೀಜ ತರಿಸಿದೆ. ಬೀಸುವ ಯಂತ್ರದಲ್ಲಿ ತಮ್ಮ ಎಲ್ಲಿಗೆ ತಿರುಗಿಸಿಟ್ಟಿದ್ದನೋ ಅದನ್ನು ನಾನು ಒರೆಸುವಾಗ ಅಲ್ಲಾಡಿಸಿಬಿಟ್ಟಿದ್ದೆ. ಸಣ್ಣಗೆ ಬೀಸಿದರೆ ನೀರು ಇಳಿಯದು. ದಪ್ಪಗೆ ಬೀಸಿದರೆ ಸರ್ರನೆ ಹರಿದು ಹುಣಸೆ ನೀರಿನಂತೆ ಹುಳಿ. ಎರಡರ ನಡುವೆ ಒಂದು ಕೂದಲಿನಷ್ಟು ಜಾಗವಿತ್ತು. ಅದು ಎಲ್ಲಿ ಎಂದು ಹೇಳಬೇಕಾದವನು ಇರಲಿಲ್ಲ.

ನೀರಿನದು ಇನ್ನೊಂದು ಗೋಳು. ಅರಸೀಕೆರೆಯ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಬಳಿದಂತಾಗುತ್ತದೆ. ತಮ್ಮ ಬೇಲೂರಿಗೆ ಹೋದಾಗಲೆಲ್ಲ ಡಿಕ್ಕಿಯಲ್ಲಿ ಕ್ಯಾನ್ ಇಟ್ಟುಕೊಂಡು ಹೋಗಿ ಆ ಕಡೆಯ ನೀರು ತುಂಬಿಸಿಕೊಂಡು ಬರುತ್ತಿದ್ದ. ನಾನು ಅದನ್ನು ಹುಚ್ಚು ಎಂದುಕೊಂಡಿದ್ದೆ. ಕೊಳಾಯಿ ನೀರನ್ನೇ ಹಾಕಿದೆ. ಕೆಲವು ತಿಂಗಳಲ್ಲಿ ಮೂತಿಯಿಂದ ನೀರು ಬರುವುದೇ ಕಷ್ಟವಾಯಿತು.

ಆ ವಾರ ಅವ್ವ ಬಂದಿದ್ದಳು. ಮಷೀನನ್ನು ಮುಟ್ಟಿ ನೋಡಿ, "ಒಳಗೆ ಏನೈತೆ?" ಎಂದಳು.

"ತಾಮ್ರ, ಹಿತ್ತಾಳೆ."

"ಮತ್ತೆ ಹುಣಸೇಹಣ್ಣು ಹಾಕಿ ತೊಳೆಯೋದಲ್ವೇನವ್ವ. ಹಂಡೆ ಬೆಳಗೋದು ಹೆಂಗೆ, ಇದೂ ಹಂಗೇಯ."

ಹಂಡೆಯ ಸುಣ್ಣ ಹುಣಸೆಹಣ್ಣಿಗೆ ಬಿಡುವುದನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೆ. ಅವ್ವ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಇಬ್ಬರೂ ಕೂತು ಹುಣಸೆಹಣ್ಣು ಕಿವುಚಿ, ಹಳೆಯ ಪಂಚೆಯಲ್ಲಿ ಸೋಸಿ, ಮಷೀನಿನ ನೀರಿನ ತೊಟ್ಟಿಗೆ ತುಂಬಿದೆವು. ಲಿವರ್ ಎತ್ತಿದೆ. ಕೆಂಪಗೆ ಬಿಸಿಬಿಸಿ ಬಂತು. ಮನೆಯೆಲ್ಲ ಸಾರು ಕುದಿಸಿದ ವಾಸನೆ. "ನೋಡ್ದಾ, ಹೆಂಗ್ ಬತ್ತಾ ಐತೆ" ಎಂದಳು ಅವ್ವ. ಸ್ವಲ್ಪ ಹೊತ್ತಿಗೆ ಹನಿಯಾಯಿತು, ಹನಿಯೂ ನಿಂತಿತು. ಪಂಚೆಯಲ್ಲಿ ಇಳಿದಿದ್ದ ನಯವಾದ ತಿರುಳು ಒಳಗಿನ ಸಣ್ಣ ದಾರಿಗಳಲ್ಲೆಲ್ಲ ಕೂತುಬಿಟ್ಟಿತ್ತು.

ಮೋಟಾರು ರಿಪೇರಿ ಅಂಗಡಿಯವರನ್ನು ಮನೆಗೆ ಕರೆಸಬೇಕಾಯಿತು. ಅವರು ಮೂತಿ ಬಿಚ್ಚಿ, ಬೆರಳಿಟ್ಟು, ಮೂಸಿ ನೋಡಿದರು. "ಅಕ್ಕೋರೆ, ಇದ್ರಲ್ಲಿ ಬೇಳೆ ಹಾಕಿದ್ರೋ, ಬರೀ ತಿಳಿಸಾರೋ?" ಎಂದರು. ಯಜಮಾನರು ಬಾಗಿಲಲ್ಲಿ ನಿಂತು ನಕ್ಕರು. ನನಗೆ ನಗು ಬರಲಿಲ್ಲ. ಅಂಗಡಿಯವರು ಮಧ್ಯಾಹ್ನವೆಲ್ಲ ಕೂತು ತೊಳೆದರು. ಅದಾದ ಮೇಲೂ ಬಹಳ ದಿನ ಮಷೀನು ಬಿಸಿಯಾದರೆ ಹುಳಿ ವಾಸನೆ ಬರುತ್ತಿತ್ತು.

ಅದೇ ಕಾಲಕ್ಕೆ ಬೇಲೂರಿನ ಆಚೆಯ ತೋಟದವರೊಬ್ಬರು ಮಷೀನಿನ ವಿಷಯ ಕೇಳಿ ಫೋನ್ ಮಾಡಿದರು. ತೋಟದ ಮನೆಯಲ್ಲಿ ಪೇಟೆಯ ಅತಿಥಿಗಳನ್ನು ಇಳಿಸಿಕೊಳ್ಳುತ್ತಿದ್ದರಂತೆ, ಅವರಿಗೆ ಅದು ಬೇಕಿತ್ತು. ಯಜಮಾನರಿಗೆ ಕೊಡುವುದೇ ಸರಿ ಎನ್ನಿಸಿತು.

"ಅದನ್ನ ಇಟ್ಕೊಂಡು ಪೂಜೆ ಮಾಡ್ತೀಯಾ?" ಎಂದು ನನ್ನನ್ನು ಕೇಳಿದರು. "ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಅಳೋದು, ಇಲ್ಲಾ ಬೈಯೋದು. ತಿಂಡಿ ಆಗೋದು ಒಂಬತ್ತಕ್ಕೆ."

"ಹಿರಿಯರ ಹಬ್ಬ ಕಳೀಲಿ" ಎಂದೆ.

ಹಿರಿಯರ ಹಬ್ಬವೆಂದರೆ ಮಹಾಲಯ ಅಮಾವಾಸ್ಯೆ. ಅವತ್ತು ನಮ್ಮಲ್ಲಿ ಮನೆಯಲ್ಲಿ ಸತ್ತವರಿಗೆಲ್ಲ ಎಡೆ ಇಡುತ್ತಾರೆ. ಅವರವರಿಗೆ ಏನು ಇಷ್ಟವೋ ಅದನ್ನು ಮಾಡಿ, ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಸತ್ತವರು ಬಂದು ಉಣ್ಣುವ ಹೊತ್ತು ಅದು. ಅವರು ಉಂಡರೆನ್ನುವಷ್ಟು ಕಾದು, ಹಿರಿಯವರು ಒಬ್ಬರು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ತಮ್ಮನಿಗೆ ವರ್ಷ ತುಂಬಿತ್ತು. ಅಪ್ಪ, ತಾತ, ಅಜ್ಜಿಯರ ಜೊತೆ ಅವನಿಗೂ ಎಡೆ ಬೀಳುವ ಮೊದಲ ಹಬ್ಬ. ಮನೆಗೆಲ್ಲ ಕಿರಿಯವನು ಹಿರಿಯರ ಸಾಲಿಗೆ ಸೇರಿದ್ದ.

ಹಬ್ಬಕ್ಕೆ ಮುಂಚೆ ಮಾದಿಹಳ್ಳಿಗೆ ಹೋದಾಗ ಅವನಿಗೆ ಏನೇನು ಮಾಡಬೇಕೆಂಬ ಮಾತು ಬಂತು. ಅವ್ವ ನಾಟಿ ಕೋಳಿ ಸಾರು, ಮುದ್ದೆ, ಒತ್ತು ಶಾವಿಗೆ ಎಂದಳು. ದೊಡ್ಡಣ್ಣ, "ಒಂದು ಪ್ಯಾಕ್ ಸಿಗರೇಟು" ಎಂದ.

"ಅವನ ಕಾಫಿ" ಎಂದೆ ನಾನು.

"ಅವ್ವ ಒಂದ್ ಲೋಟ ಕಾಸಿಡ್ತಾಳೆ ಬಿಡು."

"ಅದಲ್ಲ ಅಣ್ಣ. ಅವನ ಮಷೀನಿಂದು."

"ಸತ್ ಮೇಲೂ ಇಟ್ಲಿ ಕಾಫಿ ಬೇಕಾ ಅವನ್ಗೆ? ಬದುಕಿದ್ದಾಗ ಹೈಸ್ಕೂಲ್ ಪಾಸ್ ಮಾಡೋಕಾಗ್ಲಿಲ್ಲ, ನನ್ ಮಗನಿಗೆ."

ಅಣ್ಣ ಪ್ರೀತಿಯಿಂದಲೇ ಹೇಳಿದ್ದು. ಅವನ ಕಣ್ಣೂ ತುಂಬಿತ್ತು. ಆದರೆ ಆ ಮನೆಯಲ್ಲಿ ತಮ್ಮನೆಂದರೆ ಅಷ್ಟೇ ಆಗಿದ್ದ. ಪಾಸಾಗದವನು, ಸಿಗರೇಟು ಸೇದುತ್ತಿದ್ದವನು, ಗಾಡಿ ಓಡಿಸುತ್ತಿದ್ದವನು. ಅವನು ಒಂದು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದ ಎಂಬುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ಬೆಲ್ಲ ಹಾಕಿ ಕುಡಿದ ಅವ್ವನನ್ನೂ ಸೇರಿಸಿ. ಅವನ ಎಡೆಯಲ್ಲಿ ಆ ಕಾಫಿ, ಅವನು ಮಾಡುತ್ತಿದ್ದ ಹಾಗೆಯೇ, ಒಂದು ಸಲ ಇರಬೇಕೆಂದು ನನಗೆ ಹಟ ಬಂತು. ಬೇರೇನೂ ನನಗೆ ಬೇಕಿರಲಿಲ್ಲ.

ಹಬ್ಬಕ್ಕೆ ಕೆಲವು ದಿನವಿರುವಾಗ ಡ್ರೈವರಿಗೆ ಹೇಳಿ ಬೇಲೂರಿನ ಕಡೆಯ ನೀರು ತರಿಸಿಕೊಂಡೆ. ತಮ್ಮ ಮಾಡುತ್ತಿದ್ದಾಗ ಕೇಳುತ್ತಿದ್ದ ಸದ್ದನ್ನು ಜ್ಞಾಪಿಸಿಕೊಂಡು ಬೀಸುವ ಯಂತ್ರವನ್ನು ಒಂದೊಂದೇ ಚೂರು ತಿರುಗಿಸಿದೆ. ಪಂಪು ಮೊದಲು ಗಟ್ಟಿಯಾಗಿ ಗುರುಗುಟ್ಟಿ, ಆಮೇಲೆ ಗಂಟಲು ಕಟ್ಟಿದವರಂತೆ ದನಿ ತಗ್ಗಬೇಕು. ಆಗ ಕಾಫಿ ಬರುತ್ತದೆ. ಬೀಜ ಹಾಳಾಯಿತು, ಕೈ ಸುಟ್ಟಿತು, ಸ್ಟೆಬಿಲೈಸರ್ ಟಕ್ ಟಕ್ ಎಂದು ಆರಿತು. ಒಂದು ಬೆಳಿಗ್ಗೆ ಮಾತ್ರ ಆ ದನಿ ಸರಿಯಾಗಿ ತಗ್ಗಿತು. ಜೇನಿನಷ್ಟು ಮಂದವಾಗಿ, ಕೆಂಪಗೆ, ಇಲಿಬಾಲದಂತೆ ಸಣ್ಣಗೆ ಇಳಿಯಿತು. ಕುಡಿದೆ. ಅವನು ರೈಲಿಗೆ ಹೋಗುವ ಮುಂಚೆ ಇಟ್ಟುಹೋದದ್ದೇ ಅದು. ಕಟ್ಟೆಗೆ ಒರಗಿ ಬಹಳ ಹೊತ್ತು ನಿಂತಿದ್ದೆ. ಮಾರನೆಯ ದಿನ ಅದೇ ಪುಡಿ, ಅದೇ ನೀರು. ಬರಲಿಲ್ಲ.

ಫ್ಲಾಸ್ಕಿನಲ್ಲಿ ಹಾಕಿ ಒಯ್ಯೋಣವೆಂದು ನೋಡಿದೆ. ಸ್ವಲ್ಪ ಹೊತ್ತಿಗೇ ಮೇಲಿನ ಕೆಂಪು ನೊರೆ ಸತ್ತು, ಒಳಗೆ ತುಕ್ಕಿನ ರುಚಿ ಬಂದಿತ್ತು. ಮಷೀನನ್ನೇ ಮಾದಿಹಳ್ಳಿಗೆ ಒಯ್ಯಬೇಕೆಂದು ಯಜಮಾನರಿಗೆ ಹೇಳಿದೆ. ಅವರು, "ಅಲ್ಲಿಂದ ಹಂಗೇ ಬೇಲೂರಿನ ತೋಟದೋರಿಗೆ ಕೊಟ್ಬಿಡಾಣ. ದಾರೀಲೇ ಐತೆ" ಎಂದರು. ನಾನು ಹೂಂ ಎಂದೆ.

ಹಬ್ಬದ ಬೆಳಿಗ್ಗೆ ಡ್ರೈವರು ಗಾಡಿ ತಂದ. ಹಿಂದಿನ ಸೀಟಿನಲ್ಲಿ ಮಷೀನನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ನಾನು ಪಕ್ಕದಲ್ಲಿ ಕೂತು ತೋಳಿನಲ್ಲಿ ಹಿಡಿದುಕೊಂಡೆ. ತೊಡೆಯ ಮೇಲೆ ಬೀಸುವ ಯಂತ್ರ, ಕಾಲ ಹತ್ತಿರ ನೀರಿನ ಕ್ಯಾನು.

ಎಡೆ ಇಡುವುದು ನಡುಮನೆಯಲ್ಲಿ. ಮಾದಿಹಳ್ಳಿಯ ಮನೆಯಲ್ಲಿ ಪ್ಲಗ್ ಇದ್ದದ್ದೂ ಅಲ್ಲೇ, ಟಿ.ವಿ.ಗೆ ಹಾಕಿಸಿದ್ದು. ರಾಗಿ ಪೆಟ್ಟಿಗೆಯ ಮೇಲೆ ಮಷೀನು ಇಟ್ಟೆವು. ಅದರ ಕೆಳಗೇ ಎಲೆಗಳ ಸಾಲು. ಅವ್ವ ಬಡಿಸುತ್ತ ಬಂದಳು. ಅಕ್ಕಪಕ್ಕದ ಮನೆಯ ಹೆಂಗಸರು ಮಷೀನು ನೋಡಲೆಂದೇ ಬಂದು ಬಾಗಿಲಲ್ಲಿ ನಿಂತಿದ್ದರು.

"ಎದೆ ಫೋಟೋ ತೆಗೆಯೋದಾ ಇದು?" ಎಂದು ಒಬ್ಬಳು ಕೇಳಿದಳು.

"ಅಲ್ಲ ಕಣೆ, ಕಾಫಿ ಕಾಸೋದು" ಎಂದಳು ಅವ್ವ, ಸ್ವಲ್ಪ ಜಂಬದಿಂದಲೇ.

ಮಷೀನು ಕಾಯಿತು. ವೋಲ್ಟೇಜು ಕಡಿಮೆಯಿದ್ದರಿಂದ ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಿತು. ಕೋಳಿ ಸಾರು ಆರುತ್ತಿದೆ ಎಂದು ಅಣ್ಣ ಗೊಣಗಿದ. ಬೀಜ ಬೀಸಿದೆ, ಒತ್ತಿದೆ, ಸಿಕ್ಕಿಸಿದೆ. ತಮ್ಮನ ಬಿಳಿ ಕಪ್ಪನ್ನು ಮೂತಿಯ ಕೆಳಗಿಟ್ಟು ಲಿವರ್ ಎತ್ತಿದೆ. ಪಂಪು ಗುರುಗುಟ್ಟಿತು. ದನಿ ತಗ್ಗಿತು. ಸರಿಯಾಗಿಯೇ ತಗ್ಗಿತು. ಮೊದಲ ಹನಿ ಕಪ್ಪಗೆ, ದಪ್ಪಗೆ, ಬಟ್ಟಲಿನ ತುದಿಯಲ್ಲಿ ತುಂಬಿ ಬಿದ್ದಿತು.

ಕರೆಂಟು ಹೋಯಿತು.

ನಾನು ಲಿವರ್ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಅಣ್ಣ, "ಇನ್ನು ಸಾಯಂಕಾಲವೇ ಬರೋದು" ಎಂದ.

"ಸ್ವಲ್ಪ ನೋಡಾಣ ಅಣ್ಣ."

"ಹೊತ್ತು ಮೀರ್ತೈತೆ ಕಣವ್ವ" ಎಂದಳು ಅವ್ವ. "ಅವರೆಲ್ಲ ಹಸ್ಕೊಂಡು ಬಂದಿರ್ತಾರೆ. ಅವನೂ ಹಸ್ದಿರ್ತಾನೆ. ಒಂದ್ ಹನಿ ಬಿತ್ತಲ್ಲ, ಸಾಕು. ನಡೀರಿ ಎಲ್ಲ ಆಚೆಗೆ."

ಒಂದು ಹನಿ ಸಾಕಂತೆ. ಲಿವರಿನಿಂದ ಕೈ ತೆಗೆದು ಹೊರಗೆ ಬಂದೆ. ಅಣ್ಣ ಧೂಪ ಹಾಕಿ, ಕೊನೆಯವನಾಗಿ ಬಂದು ಬಾಗಿಲೆಳೆದ. ಎಲ್ಲರೂ ಜಗುಲಿಯಲ್ಲಿ ಕೂತೆವು. ಯಜಮಾನರು ಕಂಬಕ್ಕೆ ಒರಗಿ ನಿಂತಿದ್ದರು.

ಜಗುಲಿಯ ಬಲ್ಬು ಹತ್ತಿಕೊಂಡಿತು. ಅದೇ ಕ್ಷಣಕ್ಕೆ ಬಾಗಿಲ ಒಳಗೆ ಪಂಪು ಗುರ್ ಎಂದಿತು.

ಪಕ್ಕದ ಮನೆಯವಳು ನನ್ನ ರಟ್ಟೆ ಹಿಡಿದುಕೊಂಡಳು. "ಅಯ್ಯೋ ಶಿವನೆ, ಬಂದವ್ನೆ" ಎಂದಳು. ಯಾರೋ ಕೈ ಮುಗಿದರು. ಅಣ್ಣ ಕಲ್ಲಾಗಿ ಕೂತ.

ನನಗೆ ಗೊತ್ತಾಯಿತು. ಲಿವರ್ ಎತ್ತಿದ್ದೆ, ಇಳಿಸಿರಲಿಲ್ಲ. ಕರೆಂಟು ಬಂದಿದೆ, ಪಂಪು ಹೊರಟಿದೆ. ಇಳಿಸುವವರಿಲ್ಲದೆ ಅದು ತೊಟ್ಟಿಯ ನೀರೆಲ್ಲ ಖಾಲಿಯಾಗುವವರೆಗೂ ಓಡುತ್ತದೆ. ನೀರು ಮುಗಿದ ಮೇಲೆ ಬರಿದೇ ಓಡಿ ಸುಟ್ಟುಹೋಗುತ್ತದೆ. ಈಗಲೇ ಒಳಗೆ ಹೋಗಿ ಇಳಿಸಿದರೆ ಕಪ್ಪಿನಲ್ಲಿರುವುದು ಸರಿಯಾದ ಕಾಫಿ. ಎದ್ದು ಬಾಗಿಲಿಗೆ ಹೋದೆ. ಅವ್ವ ಅಡ್ಡ ಬಂದು ನಿಂತಳು.

"ಅವ್ವ, ಅದು ಮಷೀನು. ನಾನು ಲಿವರ್ ಇಳಿಸದೆ ಬಂದೆ."

"ಮಷೀನು ಅಂತ ನಂಗೊತ್ತಿಲ್ವಾ? ಕಿವಿ ಐತೆ ನಂಗೂ."

"ಕಾಫಿ ಕೆಡ್ತದೆ ಅವ್ವ. ಈಗ್ಲೇ ನಿಲ್ಲಿಸ್ಬೇಕು."

"ಉಣ್ಣೋರ ಮುಂದೆ ಬಾಗಿಲು ತೆಗೀಬಾರ್ದು. ಎದ್ದು ಹೋದ್ರೆ ಮತ್ತೆ ಬರಲ್ಲ ಅವ್ರು. ನಿಂಗೆ ಕಾಫಿ ದೊಡ್ದೋ, ಅವನು ದೊಡ್ದೋ?"

ಕಾಫಿಯೂ ಅವನೇ ಎಂದು ಅವಳಿಗೆ ಹೇಗೆ ಹೇಳಲಿ. ಬಾಗಿಲ ಮುಂದೆ ನಿಂತು ಕೇಳಿಸಿಕೊಂಡೆ. ತಗ್ಗಿದ್ದ ದನಿ ಮೆಲ್ಲಗೆ ಮತ್ತೆ ಏರಿತು. ಪುಡಿಯ ಸಾರವೆಲ್ಲ ಇಳಿದುಹೋದಾಗ ಬರುವ ಸದ್ದು ಅದು. ಕಪ್ಪು ತುಂಬಿ ಹರಿಯುತ್ತಿರುವುದು, ಆಮೇಲೆ ಪೆಟ್ಟಿಗೆಯಿಂದ ನೆಲಕ್ಕೆ ಸುರಿಯುತ್ತಿರುವುದು, ಎಲ್ಲ ಕೇಳಿಸಿತು. ನೀರು ಮುಗಿಯಿತು. ಪಂಪು ಕರ್ಕಶವಾಗಿ ಕಿರುಚತೊಡಗಿತು. ನಾನು ಅವ್ವನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಬಾಗಿಲ ಚಿಲಕವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಅವಳನ್ನು ತಳ್ಳಬಹುದಿತ್ತು. ತಳ್ಳಲಿಲ್ಲ. ಕಿರುಚಾಟ ಒಂದು ಸಲ ಬಿಕ್ಕಿ ನಿಂತಿತು.

ಅಣ್ಣ ಕೆಮ್ಮಿ, ಬಾಗಿಲು ತಟ್ಟಿ ತೆಗೆದ.

ಧೂಪದ ಜೊತೆ ಸುಟ್ಟ ರಬ್ಬರಿನ ವಾಸನೆ. ನೆಲದ ಮೇಲೆಲ್ಲ ಕಾಫಿ. ಪೆಟ್ಟಿಗೆಯ ಕೆಳಗೆ ಮೊದಲಿಗೇ ಇದ್ದ ತಮ್ಮನ ಎಲೆಯಲ್ಲಿ ಮುದ್ದೆ ಕಂದು ನೀರಿನಲ್ಲಿ ನಿಂತಿತ್ತು. ಶಾವಿಗೆ ಬಣ್ಣ ತಿರುಗಿತ್ತು. ಅಪ್ಪನ ಎಲೆಗೆ ಒಂದು ಹನಿಯೂ ತಾಗಿರಲಿಲ್ಲ. ಹೆಂಗಸರು ಅದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ನೆಲದ ವಾಟ ತಮ್ಮನ ಎಲೆಯ ಕಡೆಗಿದೆ ಎಂದು ನಾನು ಹೇಳಲಿಲ್ಲ. ಅಣ್ಣ ನೆಲದ ಮೇಲೆ ಕೂತು, ತಮ್ಮ ತೀರಿಕೊಂಡಾಗಲೂ ಅಳದವನು, ದೊಡ್ಡ ದನಿಯಲ್ಲಿ ಅತ್ತ.

ಎಡೆಯದನ್ನು ಮನೆಯವರು ಪ್ರಸಾದವೆಂದು ಹಂಚಿಕೊಳ್ಳಬೇಕು. ಕಪ್ಪಿನಲ್ಲಿದ್ದದ್ದನ್ನು ಅವ್ವ ಚಮಚದಲ್ಲಿ ಎಲ್ಲರ ಅಂಗೈಗೂ ಹಾಕಿದಳು. ಹೆಂಗಸರು ಕಣ್ಣಿಗೊತ್ತಿಕೊಂಡು ಕುಡಿದರು. ಚೆನ್ನಾಗಿದೆ ಎಂದರು. ನಾನು ಕುಡಿದೆ. ನೀರು. ಸುಟ್ಟ ಗರಿಕೆಯ ಕಹಿ, ಅದರ ಹಿಂದೆ ಬರೀ ನೀರು. ಅವನು ಇದ್ದಿದ್ದರೆ ಬಾಯಿಗೂ ಇಡುತ್ತಿರಲಿಲ್ಲ. ಆ ಮನೆ ತುಂಬ ಜನರಿದ್ದರು, ಎಲ್ಲರಿಗೂ ಸಮಾಧಾನವಾಗಿತ್ತು. ಇದು ಕೆಟ್ಟ ಕಾಫಿ ಎಂದು ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡೆ. ಅವನು ಸತ್ತದ್ದು ನನಗೆ ಆಗ ಮತ್ತೊಂದು ಸಲ ತಿಳಿಯಿತು.

ಊಟವಾದ ಮೇಲೆ ಮಷೀನನ್ನು ಕಂಬಳಿಯಲ್ಲಿ ಸುತ್ತಿ ಗಾಡಿಗೆ ಹಾಕಿದೆವು. ಮಾದಿಹಳ್ಳಿಯ ರಸ್ತೆ ಮುಗಿಯುವಲ್ಲಿ ಡ್ರೈವರು ಬೇಲೂರಿನ ಕಡೆಗೋ ಅರಸೀಕೆರೆಯ ಕಡೆಗೋ ಎಂದು ಕೇಳಿದ. ಮುಂದಿನ ಸೀಟಿನಲ್ಲಿದ್ದ ಯಜಮಾನರು ಹಿಂದೆ ತಿರುಗದೆಯೇ, "ಭಾಳ ನೀರಾಗಿತ್ತು" ಎಂದರು.

"ಏನು?"

"ಕಾಫಿ. ಅವ್ನು ಮಾಡ್ತಿದ್ದದ್ದು ಗಂಟಲಿಗೆ ಅಂಟ್ಕೊಳ್ತಿತ್ತು. ಇದು ಹಂಗೇ ಇಳೀತು."

"ನೀವು ಯಾವಾಗ ಕುಡಿದ್ರಿ ಅವನದ್ದು? ಇಂಜಿನ್ ನೀರು ಅಂತಿದ್ರಲ್ಲ."

"ಡ್ಯೂಟಿಗೆ ಹೋಗೋವಾಗ ದಿನಾ ಒಂದು ಕೊಡ್ತಿದ್ದ. ನಿನ್ ಮುಂದೆ ಯಾಕ್ ಹೇಳ್ಲಿ." ಆಮೇಲೆ, "ಪುಡಿ ದಪ್ಪ ಆಗಿತ್ತು ಕಣೆ" ಎಂದರು.

"ಪುಡಿ ಸರಿಯಾಗೇ ಇತ್ತು. ಹರಿದದ್ದು ಹೆಚ್ಚಾಯ್ತು."

"ಪುಡಿ ದಪ್ಪ ಇಲ್ದಿದ್ರೆ ಅಷ್ಟು ಹರೀತಿರ್ಲಿಲ್ಲ."

"ಇಡೀ ತೊಟ್ಟಿ ನೀರು ಬಿಟ್ರೆ ಎಂಥ ಪುಡಿಯಾದ್ರೂ ಹರೀತದೆ. ಮೊದಲನೇ ಹನಿ ನಾನು ನೋಡಿದೀನಿ, ನೀವು ನೋಡಿಲ್ಲ."

ಡ್ರೈವರು ಗಾಡಿ ನಿಲ್ಲಿಸಿಕೊಂಡೇ ಇದ್ದ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಪಂಪು ಸುಟ್ಟಿದೆ, ಹೊಸದು ಎಲ್ಲಿ ಸಿಗುತ್ತದೋ, ಸಿಗುತ್ತದೋ ಇಲ್ಲವೋ, ನಮಗೆ ಗೊತ್ತಿರಲಿಲ್ಲ.

"ಮುಂದಿನ ಹಬ್ಬಕ್ಕೆ ಸರಿಯಾಗಿ ಇಡ್ಬೇಕು" ಎಂದೆ.

"ದಪ್ಪ ಪುಡಿ ಹಾಕಿದ್ರೆ ಮುಂದಿನ ಹಬ್ಬಕ್ಕೂ ಇದೇ" ಎಂದರು ಯಜಮಾನರು. ಡ್ರೈವರಿಗೆ, "ಅರಸೀಕೆರೆ ಕಡೆ ಬಿಡಪ್ಪ" ಎಂದರು. ಊರು ಮುಟ್ಟುವವರೆಗೂ ನಾವು ಜಗಳವಾಡಿದೆವು.